ಕರಿ ಚೀಲ ಕಟ್ಟಿದ ರಸ್ತೆ

ಹೋದ ತಿಂಗಳು ಮನೆ ಬದಲಿಸುವಾಗ ನೆಲಮಾಳಿಗೆಯ ಸ್ಟೋರ್‌ರೂಮಿನಲ್ಲಿ ಒಂದು ಸ್ಟೀಲ್ ಡಬ್ಬಿ ಸಿಕ್ಕಿತು. ಅಂಗೈ ಅಗಲದ ದುಂಡು ಡಬ್ಬಿ, ಮುಚ್ಚಳದ ಮೇಲೆ ಎರಡು ಸುತ್ತು ರಬ್ಬರ್ ಬ್ಯಾಂಡ್. ಮುಟ್ಟಿದ ಕೂಡಲೇ ಬ್ಯಾಂಡ್ ಪಟ್ಟೆಂದು ತುಂಡಾಯಿತು. ಮುಚ್ಚಳ ತೆಗೆದೆ. ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಚಟ್ನಿಪುಡಿಯ ವಾಸನೆ, ಅದರ ಹಿಂದೆಯೇ ಮೇಣದ ವಾಸನೆ. ಎರಡೂ ಸೇರಿ ಮೂಗಿಗೆ ಬಂದದ್ದೇ ತಡ, ರಟ್ಟಿನ ಪೆಟ್ಟಿಗೆಗಳ ನಡುವೆ ಅಲ್ಲೇ ಕುಳಿತುಬಿಟ್ಟೆ. ಬಾಗಿಲಲ್ಲಿ ನಿಂತಿದ್ದ ಮಗಳು ಸ್ವೀಡಿಷಿನಲ್ಲಿ ಅದೇನೆಂದು ಕೇಳಿದಳು. "ದೀಪದ ಡಬ್ಬಿ ಕಣೇ" ಎಂದೆ. ನಾಲ್ಕು ವರ್ಷದ ಮಗುವಿಗೆ ಮತ್ತೇನು ಹೇಳಲಿ...

ಡಬ್ಬಿ ನನ್ನದಲ್ಲ, ಅಣ್ಣನದು. ಒಡಹುಟ್ಟಿದ ಅಣ್ಣನಲ್ಲ. ಗೋಥೆನ್‌ಬರ್ಗಿನ ಹೊರವಲಯದ ಟೋರ್ಸ್‌ಲಾಂಡದ ಬಳಿ ನಾನು ಮೊದಲು ಕೆಲಸಕ್ಕೆ ಸೇರಿದ ಸಣ್ಣ ಕಂಪನಿಯಲ್ಲಿ ಅವರು ಟೆಸ್ಟ್ ಡ್ರೈವರ್ ಆಗಿದ್ದರು. ಹುಬ್ಬಳ್ಳಿಯವರು, ಐವತ್ತರ ಹತ್ತಿರದ ವಯಸ್ಸು. ಹೆಂಡತಿ, ಮಗಳು ಊರಿನಲ್ಲಿದ್ದರು. ಆಗ ನನಗೆ ಇಪ್ಪತ್ತೇಳು. ಅವರು ಓಡಿಸಿದ ಕಾರಿನ ಬ್ರೇಕು ಐಸ್ ಮೇಲೆ ಹೇಗೆ ಹಿಡಿಯಿತು, ಎಲ್ಲಿ ಜಾರಿತು ಎಂದು ಲ್ಯಾಪ್‌ಟಾಪ್ ಇಟ್ಟುಕೊಂಡು ನೋಡುವುದು ನನ್ನ ಕೆಲಸ. ಗೋಥೆನ್‌ಬರ್ಗಿನ ಯುಗಾದಿ ಕೂಟಗಳಲ್ಲಿ ಅವರು "ಇದೆ", "ಇಲ್ಲ", "ಬರ್ತೀನಿ" ಎಂದು ಬೆಂಗಳೂರಿನವರ ಹಾಗೆ ಅಳೆದು ತೂಗಿ ಮಾತಾಡುತ್ತಿದ್ದರು. ಕಾರು ಉತ್ತರದ ಕಡೆ ತಿರುಗಿ ಊರುಗಳು ಮುಗಿದು ಕಾಡು ಶುರುವಾದ ಮೇಲೆ "ಐತಿ", "ಇಲ್ಲವ್ವಾ" ಎಲ್ಲ ತಾನೇ ತಾನಾಗಿ ಹೊರಗೆ ಬರುತ್ತಿತ್ತು.

ಆ ರಸ್ತೆಯಲ್ಲಿ ಅಣ್ಣ ತಮ್ಮ ಬಲಗೈಯ ನಾಲ್ಕು ಬೆರಳು ಬಿಟ್ಟು ಬಂದರು. ರಸ್ತೆ ತೆಗೆದುಕೊಂಡಿತು ಎಂದು ಬರೆಯಲು ಹೊರಟಿದ್ದೆ. ರಸ್ತೆಗೇನು ಗೊತ್ತು ಪಾಪ. ತೆಗೆದವಳು ನಾನು.

ಪ್ರತಿ ಜನವರಿಯಲ್ಲಿ ಕಂಪನಿ ಕಾರುಗಳ ಸಮೇತ ಉತ್ತರಕ್ಕೆ ಗುಳೆ ಹೋಗುತ್ತಿತ್ತು. ಹೆಪ್ಪುಗಟ್ಟಿದ ಸರೋವರದ ದಂಡೆಯಲ್ಲಿ ಒಂದು ಗ್ಯಾರೇಜು, ಅದರ ಹಿಂದೆ ಮರದ ಅತಿಥಿಗೃಹ. ಸರೋವರದ ಮೇಲೆ ಬ್ರೇಕ್ ಪರೀಕ್ಷೆ, ವಾರಕ್ಕೆರಡು ಸಲ ಹೆದ್ದಾರಿಯಲ್ಲಿ ದೂರದ ಓಟ. ಆ ಹೆದ್ದಾರಿಗೆ ಇ-ನಲವತ್ತೈದು ಎನ್ನುತ್ತಾರೆ. ಹೆದ್ದಾರಿ ಎಂದರೆ ತುಮಕೂರು ರಸ್ತೆಯನ್ನು ನೆನೆಸಿಕೊಳ್ಳಬೇಡಿ. ಎರಡು ಗಾಡಿ ಎದುರಾದರೆ ಉಸಿರು ಬಿಗಿಹಿಡಿಯುವಷ್ಟು ಅಗಲ, ಅಷ್ಟೇ. ಎರಡೂ ಬದಿಗೆ ಎದೆಮಟ್ಟ ಹಿಮದ ಗೋಡೆ, ಅದರಾಚೆ ಸ್ಪ್ರೂಸ್ ಮರಗಳು, ಅವುಗಳಾಚೆ ಮತ್ತೆ ಅವೇ ಮರಗಳು. ಮುಕ್ಕಾಲು ಗಂಟೆ ಓಡಿಸಿದರೂ ಒಂದು ಕಿಟಕಿಯ ಬೆಳಕು ಕಾಣುವುದಿಲ್ಲ. ಮಧ್ಯಾಹ್ನ ಎರಡೂವರೆಗೆ ಆಕಾಶ ಮಸಿ ನೀಲಿಗೆ ತಿರುಗುತ್ತದೆ. ಫೋನಿನಲ್ಲಿ ಸಿಗ್ನಲ್ ಬರುವ ಜಾಗಗಳು ಅಣ್ಣನಿಗೆ ಬಾಯಿಪಾಠವಾಗಿದ್ದವು. ಈ ತಿರುವಿನಿಂದ ಆ ಸೇತುವೆಯವರೆಗೆ ಇದೆ, ಆಮೇಲೆ ನಲವತ್ತು ಕಿಲೋಮೀಟರ್ ಇಲ್ಲ, ಹೀಗೆ.

ಮೊದಲ ವಾರ ಅವರ ಪಕ್ಕದಲ್ಲಿ ಕುಳಿತು ಹೋಗುವಾಗ ರಸ್ತೆಬದಿಯ ಕೋಲುಗಳಿಗೆ ಅಲ್ಲಲ್ಲಿ ಕರಿ ಪ್ಲಾಸ್ಟಿಕ್ ಚೀಲ ಕಟ್ಟಿದ್ದು ಕಂಡಿತು.

"ಇಲ್ಲೂ ನಮ್ ಬೆಂಗಳೂರ್ ಥರಾನೇ ರೋಡ್ ಸೈಡಲ್ಲಿ ಕಸ ಕಟ್ಟಿಡ್ತಾರಾ ಅಣ್ಣಾ?" ಎಂದೆ.

ಅವರು ನಗಲಿಲ್ಲ. ಕಾರಿನ ವೇಗ ಇಳಿಸಿ ಎರಡೂ ಬದಿಯ ಕಾಡು ನೋಡುತ್ತ, "ಕಸ ಅಲ್ಲವ್ವಾ. ಕೊಂಬಿನ ಜಿಂಕಿ ಇಲ್ಲೇ ಎಲ್ಲೋ ಅದಾವ ಅಂತ ಹೇಳಾಕ ಕಟ್ಟಿರ್ತಾರ. ಕರಿ ಚೀಲ ಕಂಡ್ರ ಕಾಲು ಬ್ರೇಕಿನ ಮ್ಯಾಲ ಇರಬೇಕು, ತಿಳೀತಿಲ್ಲೋ?" ಎಂದರು.

ತಿಳಿಯಿತು ಎಂದು ತಲೆಯಾಡಿಸಿದೆ. ಆದರೆ ಹತ್ತು ಚೀಲ ಕಂಡರೂ ಒಂದು ಹಿಮಸಾರಂಗ ಕಾಣಲಿಲ್ಲ. ಬರೀ ಚೀಲಗಳು, ಗಾಳಿಯೂ ಇಲ್ಲದ ಆ ಚಳಿಯಲ್ಲಿ ಅಲ್ಲಾಡದೆ ನೇತುಬಿದ್ದಿದ್ದವು. ಪ್ರಾಣಿ ಕಂಡಿದ್ದರೆ ಹೆದರಿಕೆ ಕಡಿಮೆಯಾಗುತ್ತಿತ್ತೋ ಏನೋ. ಎಲ್ಲೋ ಇದೆ, ಆದರೆ ಕಾಣುವುದಿಲ್ಲ ಎನ್ನುವುದನ್ನು ತಡೆದುಕೊಳ್ಳಲು ನನಗೆ ಆಗುತ್ತಿರಲಿಲ್ಲ. ನಾನು ಹೆದರಿದಾಗ ಹೆಚ್ಚು ಮಾತಾಡುವವಳು. ಆ ರಸ್ತೆಯಲ್ಲಿ ಅಣ್ಣನ ತಲೆ ತಿಂದುಹಾಕಿದ್ದೇನೆ.

ಗ್ಯಾರೇಜಿನಲ್ಲಿ ಒಂದು ಹಲಗೆ, ಹಲಗೆಗೆ ಎಂಟು ಮೊಳೆ. ಕಾರು ಹೊರಗೆ ಹೋದರೆ ಅದರ ಬೀಗದ ಕೈಯ ಮೊಳೆ ಖಾಲಿ. ಹಲಗೆಯ ಕೆಳಗೆ ಮೇಜು ಹಾಕಿಕೊಂಡು ಅರವತ್ತರ ಆಸುಪಾಸಿನ ಒಬ್ಬ ಸ್ವೀಡಿಷ್ ಹೆಂಗಸು ಕಾಲುಚೀಲ ಹೆಣೆಯುತ್ತ ಕುಳಿತಿರುತ್ತಿದ್ದರು. ನಾವಿಬ್ಬರೂ ಅವರಿಗೆ ಬೋರ್ಡಿನಮ್ಮ ಎಂದು ಹೆಸರಿಟ್ಟಿದ್ದೆವು. ಹೊರಡುವಾಗ ಅವರಿಗೆ ಮೆಸೇಜ್ ಮಾಡಬೇಕು, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಹೇಳಬೇಕು. ಮುಟ್ಟಿದ ಮೇಲೆ "ಫ್ರಾಮ್ಮೆ" ಎಂದು ಇನ್ನೊಂದು ಮೆಸೇಜ್. ತಲುಪಿದೆ ಎಂದರ್ಥ. ಹೇಳಿದ ಹೊತ್ತಿನ ಮೇಲೆ ಅರ್ಧ ಗಂಟೆ ಮೀರಿಯೂ ಆ ಮೆಸೇಜ್ ಬರದಿದ್ದರೆ ಅವರು ಯಾರನ್ನೂ ಕೇಳುವುದಿಲ್ಲ, ಕಾಯುವುದಿಲ್ಲ, ಹುಡುಕಲು ಗಾಡಿ ಕಳಿಸಿಬಿಡುತ್ತಾರೆ. ಮೂವತ್ತು ಡಿಗ್ರಿ ಮೈನಸ್ಸಿನಲ್ಲಿ ಕೆಟ್ಟು ನಿಂತ ಕಾರಿನಲ್ಲಿರುವ ಮನುಷ್ಯನಿಗೆ ಆ ಅರ್ಧ ಗಂಟೆಯೇ ಆಯುಸ್ಸು.

ಈ ವಿಷಯದಲ್ಲಿ ಅಣ್ಣ ಮಡಿವಂತರಿಗಿಂತ ಹೆಚ್ಚು. ಕಾರು ನಿಲ್ಲಿಸಿ, ಎಂಜಿನ್ ಬಿಸಿಯಿಡುವ ವೈರು ಕಂಬಕ್ಕೆ ಸಿಕ್ಕಿಸಿ, ಒಳಗೆ ಬಂದು, ಬೀಗದ ಕೈ ಮೊಳೆಗೆ ನೇತುಹಾಕಿ, ಆಮೇಲೆ ಬೋರ್ಡಿನಮ್ಮನ ಎದುರಿಗೇ ನಿಂತು ಅವರಿಗೇ ಮೆಸೇಜ್ ಕಳಿಸುತ್ತಿದ್ದರು. ಮೇಜಿನ ಮೇಲೆ ಫೋನು ಟಿಣ್ ಎನ್ನುತ್ತಿತ್ತು. ಆ ಹೆಂಗಸು ಪ್ರತಿ ಸಲವೂ ನಗುತ್ತಿದ್ದರು.

"ಎದುರಿಗೆ ಕೂತಿರೋರಿಗೆ ಮೆಸೇಜ್ ಯಾಕೆ ಅಣ್ಣಾ? ದೂರದಲ್ಲಿ ಲೈಟ್ ಕಂಡಾಗ್ಲೇ ಕಳಿಸ್ಬಾರ್ದಾ?" ಎಂದು ನಾನು ಕಿಚಾಯಿಸುತ್ತಿದ್ದೆ.

"ಮುಟ್ಟಿದ ಮ್ಯಾಲೇ ಮುಟ್ಟಿದೆ ಅನ್ನಬೇಕವ್ವಾ. ಹತ್ತು ಮಾರು ಮೊದಲ ಅಂದ್ರೂ ಸುಳ್ಳ ಅದು."

ನಾನೋ, ಮನೆಯಲ್ಲಿ ತಲೆ ಬಾಚಿಕೊಳ್ಳುತ್ತ "ಸಿಗ್ನಲ್‌ನಲ್ಲಿದೀನಿ, ಬಂದ್ಬಿಟ್ಟೆ" ಎನ್ನುವ ಜಾತಿ. ಬಸ್ಸು ಮೆಜೆಸ್ಟಿಕ್ಕಿಗೆ ಬರುವ ಮೊದಲೇ ಅಮ್ಮನಿಗೆ "ರೀಚ್ ಆದೆ" ಎಂದು ಹಾಕಿಬಿಡುತ್ತಿದ್ದೆ. ಅದನ್ನು ಯಾರೂ ಸುಳ್ಳು ಎಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಕಾಯುತ್ತ ಕುಳಿತವರ ಜೀವ ತಣ್ಣಗಾಗಲಿ ಎಂದು ಹೇಳುವ ಮಾತು ಅದು. ನಮ್ಮ ಬೆಂಗಳೂರಿನಲ್ಲಿ ಹಾಗೆ ಹೇಳಿ ಯಾರೂ ಸತ್ತದ್ದಿಲ್ಲ.

ಆ ಶುಕ್ರವಾರ ನಾನು ಮೊದಲ ಬಾರಿಗೆ ಒಬ್ಬಳೇ ಕಾರು ಓಡಿಸಬೇಕಿತ್ತು. ಎರಡು ಕಾರು, ಒಂದರಲ್ಲಿ ಅಣ್ಣ, ಇನ್ನೊಂದರಲ್ಲಿ ನಾನು. ನೂರೈವತ್ತು ಕಿಲೋಮೀಟರ್ ಉತ್ತರಕ್ಕೆ ಹೋಗಿ ಊಟ ಮಾಡಿ ವಾಪಸ್ಸು. ಬೆಳಿಗ್ಗೆ ಮೈನಸ್ ಮೂವತ್ತನಾಲ್ಕು ಇತ್ತು. ಉಸಿರೆಳೆದರೆ ಮೂಗಿನೊಳಗಿನ ಕೂದಲು ಅಂಟಿಕೊಳ್ಳುತ್ತಿತ್ತು. ಅಣ್ಣ ನನ್ನ ಕಾರಿನ ಸುತ್ತ ಒಂದು ಸುತ್ತು ಬಂದರು, ಟೈರು ಒದ್ದು ನೋಡಿದರು, ಆಮೇಲೆ ತಮ್ಮ ಕಾರಿನಿಂದ ಈ ಸ್ಟೀಲ್ ಡಬ್ಬಿ ತಂದು ನನ್ನ ಪಕ್ಕದ ಸೀಟಿನ ಕೆಳಗೆ ತುರುಕಿದರು. ಹೆಂಡತಿ ಚಟ್ನಿಪುಡಿ ಕಟ್ಟಿಕೊಟ್ಟಿದ್ದ ಡಬ್ಬಿ. ಪುಡಿ ಮುಗಿದ ಮೇಲೆ ಅದರಲ್ಲಿ ಆರು ಮೇಣದ ಹಣತೆ, ಒಂದು ಬೆಂಕಿಪೊಟ್ಟಣ ಇಟ್ಟುಕೊಂಡಿದ್ದರು.

"ಗಾಡಿ ನಿಂತ್ರ ಒಂದು ದೀಪ ಹಚ್ಚು. ಕಿಟಕಿ ಒಂದು ಬೆರಳು ಸಂದು ಬಿಡು. ಒಂದೇ ದೀಪಕ್ಕ ಜೀವ ಹಿಡಕೋತೈತಿ. ಇಳದು ನಡಕೋತ ಮಾತ್ರ ಹೋಗಬ್ಯಾಡ. ಬೋರ್ಡಿನಮ್ಮ ಕಳಸ್ತಾಳ, ಬಂದೇ ಬರ್ತಾರ."

"ನಿಮಗೆ ಬೇಡ್ವಾ ಅಣ್ಣಾ?"

"ನನಗೇನಾಗ್ತೈತಿ ಬಿಡು" ಎಂದರು.

ಹೋಗುವಾಗ ಏನೂ ಆಗಲಿಲ್ಲ. ಊಟಕ್ಕೆ ನಿಂತಾಗ ನಾನು ಒಂದು ಲೋಟ ಕಾಫಿ ಹೆಚ್ಚಿಗೇ ಕುಡಿದೆ, ಎರಡು ಜೋಕು ಹೇಳಿದೆ. ವಾಪಸ್ಸು ಹೊರಡುವಾಗ, "ನೀ ಮುಂದ ನಡಿ, ನಾ ಹಿಂದ ಇರ್ತೇನಿ" ಎಂದರು. ಹಾಗೇ ಹೊರಟೆವು. ಕನ್ನಡಿಯಲ್ಲಿ ಅವರ ಎರಡು ದೀಪ ಕಾಣುತ್ತಿದ್ದವು. ಎದುರಿನಿಂದ ಮರದ ದಿಮ್ಮಿಗಳ ಲಾರಿ ಬಂದಾಗಲೆಲ್ಲ ಅದರ ಹಿಂದೆ ಎದ್ದ ಹಿಮದ ಪುಡಿ ರಸ್ತೆಯನ್ನೇ ನುಂಗಿಬಿಡುತ್ತಿತ್ತು. ನಾಲ್ಕೈದು ಸೆಕೆಂಡು ಬರೀ ಬಿಳಿ. ಸ್ಟೀರಿಂಗ್ ಹಿಡಿದು ದೇವರೇ ಎನ್ನುವುದು, ಮತ್ತೆ ರಸ್ತೆ ಕಂಡಾಗ ಉಸಿರು ಬಿಡುವುದು. ಒಂದು ಕೆರೆಯಂಥ ಜಾಗದ ಪಕ್ಕದಲ್ಲಿ ಸಾಲಾಗಿ ಕರಿ ಚೀಲಗಳು ಬಂದವು. ನಾಲ್ಕೋ ಐದೋ... ಅಣ್ಣ ನಿಧಾನ ಮಾಡಿರಬೇಕು, ಅವರ ದೀಪ ಹಿಂದೆ ಸರಿದು ಚಿಕ್ಕದಾಯಿತು. ನಾನು ನಿಧಾನ ಮಾಡಲಿಲ್ಲ. ಪೂರ್ತಿ ಕತ್ತಲಾಗುವ ಮೊದಲು ಆ ರಸ್ತೆಯಿಂದ ಹೊರಗೆ ಬಿದ್ದರೆ ಸಾಕಾಗಿತ್ತು ನನಗೆ.

ಸ್ವಲ್ಪ ಹೊತ್ತಿಗೆ ಕನ್ನಡಿಯಲ್ಲಿ ಮತ್ತೆ ಎರಡು ದೀಪ ಕಂಡವು. ಬಂದರಲ್ಲ ಸದ್ಯ, ಎಂದುಕೊಂಡೆ.

ನಮ್ಮ ಗ್ಯಾರೇಜಿಗೆ ಎಂಟು ಕಿಲೋಮೀಟರ್ ಇರುವಾಗ ಪೆಟ್ರೋಲ್ ಬಂಕಿನ ಬಳಿ ಸಿಗ್ನಲ್ ಸಿಕ್ಕಿತು. ಹೊತ್ತು ಮೂರೂವರೆ. ಅಂದು ಬೋರ್ಡಿನಮ್ಮನ ಮೊಮ್ಮಗಳ ಹುಟ್ಟುಹಬ್ಬ, ನಾಲ್ಕಕ್ಕೆಲ್ಲ ಹೊರಡಬೇಕು ಎಂದು ಬೆಳಿಗ್ಗೆ ಹೇಳಿದ್ದರು. ಪಾಪ, ನಮಗಾಗಿ ಯಾಕೆ ಕಾಯಬೇಕು? ಗಾಡಿ ಬದಿಗೆ ಹಾಕಿದೆ. ಕನ್ನಡಿಯಲ್ಲಿ ದೀಪಗಳು ಹತ್ತಿರ ಬರುತ್ತಿದ್ದವು. "ಇಬ್ಬರೂ ಫ್ರಾಮ್ಮೆ" ಎಂದು ಕಳಿಸಿದೆ. ಒಂದು ಪುಟ್ಟ ಹೃದಯದ ಚಿತ್ರವನ್ನೂ ಹಾಕಿದೆ. ಬೆಂಕಿ ಬೀಳಲಿ ನನ್ನ ಒಳ್ಳೆಯತನಕ್ಕೆ.

ಹಿಂದೆ ಬರುತ್ತಿದ್ದ ದೀಪಗಳು ಯಾರದೋ ಬ್ರೆಡ್ ವ್ಯಾನಿನವು. ಅದು ಬಂಕಿನ ಒಳಗೆ ತಿರುಗಿದ್ದನ್ನು ನಾನು ನೋಡಲೂ ಇಲ್ಲ, ಅಷ್ಟರಲ್ಲಿ ಹೊರಟಿದ್ದೆ.

ಗ್ಯಾರೇಜಿಗೆ ಬಂದಾಗ ಮೇಜು ಖಾಲಿಯಿತ್ತು. ನನ್ನ ಬೀಗದ ಕೈ ನೇತುಹಾಕಿದೆ. ಪಕ್ಕದ ಮೊಳೆ ಖಾಲಿ. ಹಿಂದೇನೇ ಬರ್ತಿದಾರಲ್ಲ, ಎಂದುಕೊಂಡು ಹೋಗಿ ಬಿಸಿನೀರು ಸ್ನಾನ ಮಾಡಿದೆ, ಹಾಗೇ ಒಂದು ಕಣ್ಣು ನಿದ್ದೆಯೂ ಆಯಿತು. ದಿನವೂ ಆರೂವರೆಗೆ ಅಡುಗೆಮನೆಯಲ್ಲಿ ನಾವಿಬ್ಬರೂ ಸೇರಿ ಅನ್ನಕ್ಕಿಡುತ್ತಿದ್ದೆವು. ಅಂದು ಅಣ್ಣ ಬರಲಿಲ್ಲ. ಮನೆಗೆ ಫೋನ್ ಮಾಡುತ್ತಿರಬೇಕು ಎಂದು ಹತ್ತು ನಿಮಿಷ ಬಿಟ್ಟೆ. ಅವರ ಕೋಣೆಯ ಬಾಗಿಲು ತಟ್ಟಿದೆ. ಆಮೇಲೆ ಚಪ್ಪಲಿಯಲ್ಲೇ ಹಿಮದ ಮೇಲೆ ಗ್ಯಾರೇಜಿಗೆ ಓಡಿದೆ. ಮೊಳೆ ಹಾಗೇ ಖಾಲಿಯಿತ್ತು.

ನಾನು ಫೋನ್ ಮಾಡಿದ ಕೂಡಲೇ ಹುಟ್ಟುಹಬ್ಬದ ಮನೆಯಿಂದ ಬೋರ್ಡಿನಮ್ಮ ಓಡಿಬಂದರು, ಕೋಟಿನ ಮೇಲೆ ಕೇಕಿನ ಕೆನೆ ಅಂಟಿತ್ತು. ಅವರು ನನ್ನನ್ನು ಬೈಯಲಿಲ್ಲ. ಮೊಳೆ ನೋಡಿದರು, ತಮ್ಮ ಫೋನು ತೆರೆದು ನನ್ನ ಮೆಸೇಜ್ ನನ್ನ ಕಣ್ಣ ಮುಂದೆ ಹಿಡಿದರು. ಅಷ್ಟೇ. ಪೊಲೀಸರಿಗೆ ಫೋನ್ ಹೋಯಿತು, ರಸ್ತೆಯ ಹಿಮ ಬಳಿಯುವವನಿಗೆ ಹೋಯಿತು. ಗ್ಯಾರೇಜಿನ ಮೇಸ್ತ್ರಿ ಗಾಡಿ ಹೊರಡಿಸುತ್ತ ಕೇಳಿದ: ಕಾರಿನಲ್ಲಿ ಅವನ ಹತ್ತಿರ ಬೆಂಕಿ, ಮೇಣದಬತ್ತಿ ಏನಾದರೂ ಇದೆಯೇ? "ಇದೆ, ಇದೆ, ಅವರ ಹತ್ತಿರ ಯಾವಾಗಲೂ ಒಂದು ಸ್ಟೀಲ್ ಡಬ್ಬಿ..." ಎಂದೆ.  ಡಬ್ಬಿ ನನ್ನ ಕಾರಿನ ಸೀಟಿನ ಕೆಳಗಿತ್ತು.

ಮುರಿದುಬಿದ್ದ ಕೋಲೊಂದು ಕರಿ ಚೀಲದ ಸಮೇತ ರಸ್ತೆಯ ನಡುವೆ ಬಿದ್ದದ್ದನ್ನು ಹಿಮ ಬಳಿಯುವವನು ನೋಡಿದನಂತೆ. ಅಲ್ಲಿಂದ ಕೆಳಗೆ, ಹಿಮದ ಗೋಡೆಯ ಆಚೆ, ಬರ್ಚ್ ಗಿಡಗಳ ನಡುವೆ ಕಾರು ಮೂಗು ಕೆಳಗೆ ಮಾಡಿ ನಿಂತಿತ್ತು. ಕೆರೆಯ ಪಕ್ಕದ ಆ ಚೀಲಗಳ ಸಾಲಿನಲ್ಲೇ. ಹಿಮಸಾರಂಗವನ್ನು ಉಳಿಸಲು ಹೋಗಿ ಅಣ್ಣ ಕೆಳಗಿಳಿದಿದ್ದರು. ರೇಡಿಯೇಟರ್ ಒಡೆದು ಎಂಜಿನ್ ಸತ್ತಿತ್ತು. ಪಾದದ ಮೂಳೆ ಮುರಿದು ಪೆಡಲಿನ ನಡುವೆ ಸಿಕ್ಕಿಕೊಂಡಿತ್ತು. ಐದು ಗಂಟೆಗೂ ಹೆಚ್ಚು ಹೊತ್ತು... ಸಿಗ್ನಲ್ ಸಿಗಲಿ ಎಂದು ಕೈಗವಸು ತೆಗೆದು, ಫೋನು ಹಿಡಿದ ಬಲಗೈಯನ್ನು ಮತ್ತೆ ಮತ್ತೆ ಕಿಟಕಿಯಿಂದ ಹೊರಗೆ ಚಾಚಿದ್ದರು. ಜೀವ ಉಳಿಯಿತು. ಮೂರು ವಾರದ ನಂತರ ದೊಡ್ಡ ಆಸ್ಪತ್ರೆಯಲ್ಲಿ ಬೆರಳು ತೆಗೆದರು.

ನಾನು ನೋಡಲು ಹೋದಾಗ ಅವರು ಹೇಳಿದ್ದು ಇಷ್ಟೇ: "ಅರ್ಧಾ ತಾಸು ಎಣಿಸಿದೆ. ಆಮ್ಯಾಲ ಇನ್ನೊಂದು ಅರ್ಧಾ ತಾಸು ಎಣಿಸಿದೆ. ಬೋರ್ಡಿನಮ್ಮ ಕಳಸ್ತಾಳ, ಯಾಕ ಬರವಲ್ರು ಅಂತ ತಿಳೀಲೇ ಇಲ್ಲವ್ವಾ."

ತಿಳಿದ ಮೇಲೂ ಅವರು ನನ್ನ ಮೇಲೆ ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ಕಂಪನಿಯ ಸುರಕ್ಷತೆಯ ಅಧಿಕಾರಿ ದಕ್ಷಿಣದಿಂದ ಬಂದು ವಿಚಾರಣೆ ಮಾಡಿದ. ನಾನು ಅವನ ಎದುರಿಗೆ ಕುಳಿತಿದ್ದೆ, ಅಣ್ಣ ಆಸ್ಪತ್ರೆಯಿಂದ ಸ್ಪೀಕರ್ ಫೋನಿನಲ್ಲಿ. ಯಾರು ತಲುಪುವ ಮೊದಲೇ ತಲುಪಿದೆವು ಎಂದು ಕಳಿಸಿದ್ದು, ಯಾಕೆ? ನಾನು ಬಾಯಿ ತೆರೆಯುವ ಮೊದಲೇ ಅಣ್ಣ ತಮ್ಮ ಹರಕು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು: ನನ್ನ ಫೋನಿನಲ್ಲಿ ಚಾರ್ಜ್ ಕಡಿಮೆಯಿತ್ತು, ಬಂಕಿನ ಹತ್ತಿರ ಬಂದಾಗ ಇಬ್ಬರದ್ದೂ ಸೇರಿಸಿ ಕಳಿಸು ಎಂದು ಊಟದ ಹೊತ್ತಿನಲ್ಲಿ ನಾನೇ ಅವಳಿಗೆ ಹೇಳಿದ್ದೆ, ಅವಳು ಹೊಸಬಳು, ನಾನು ಹೇಳಿದ್ದನ್ನು ಮಾಡಿದಳು. ಅಧಿಕಾರಿ ನನ್ನ ಕಡೆ ನೋಡಿ, ಹೌದೇ, ಎಂದ. ಹೌದು ಎಂದೆ.

ಹೌದು ಎಂದೆ ನೋಡಿ. ಹತ್ತು ಮಾರು ಮೊದಲು ಹೇಳಿದರೂ ಸುಳ್ಳು ಎನ್ನುತ್ತಿದ್ದ ಮನುಷ್ಯ ನನಗಾಗಿ ಒಂದು ಪೂರ್ತಿ ಸುಳ್ಳು ಹೇಳಿದರು, ನಾನು ಅದಕ್ಕೆ ತಲೆಯಾಡಿಸಿದೆ. ಅವರ ಕಾಂಟ್ರಾಕ್ಟ್ ಮುಗಿಸಿದರು. ಕೆಲಸ ಹೋದ ಮೇಲೆ ಈ ದೇಶದಲ್ಲಿರಲು ಅವರಿಗಿದ್ದ ಪರ್ಮಿಟ್ಟೂ ಹೋಯಿತು. ನನ್ನದು ಉಳಿಯಿತು.

"ನಿನ್ನ ಪರ್ಮಿಟ್ ರಿನ್ಯೂವಲ್‌ಗೆ ಇನ್ನ ನಾಕ ತಿಂಗಳ ಐತಿ" ಎಂದರು ಆಮೇಲೆ. "ನನಗ ಹೆಂಗೂ ಸ್ಟೀರಿಂಗ್ ಹಿಡ್ಯಾಕ ಆಗಂಗಿಲ್ಲ. ಇಬ್ರೂ ಯಾಕ ಹೋಗಬೇಕು?" ಬೆರಳಿಲ್ಲದ ಕೈಗೆ ಬೋರ್ಡಿನಮ್ಮ ಹೆಣೆದುಕೊಟ್ಟ ಉಣ್ಣೆಯ ಚೀಲ ಹಾಕಿಕೊಂಡಿದ್ದರು. ನಾನು ಡಬ್ಬಿ ವಾಪಸ್ಸು ಕೊಡಲು ಹೋದೆ. "ಇರಲಿ, ನೀ ಇನ್ನ ಆ ರಸ್ತಾದಾಗ ಹೋಗಾಕಿ" ಎಂದರು.

ಏಪ್ರಿಲ್‌ನಲ್ಲಿ ಅವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದೆ. "ಮುಟ್ಟಿದ ಮೇಲೆ ಮೆಸೇಜ್ ಮಾಡಿ ಅಣ್ಣಾ" ಎಂದೆ. ಗೇಟಿನ ಒಳಗೆ ಹೋಗಿ ಎಡಗೈಯಲ್ಲಿ ಒತ್ತಿ ಒಂದು ಮೆಸೇಜ್ ಕಳಿಸಿದರು: "ಹೊರಟೆ." ಮಾರನೇ ದಿನ ಕಾದೆ. ಅದರ ಮಾರನೇ ದಿನವೂ ಕಾದೆ. ಏನೂ ಬರಲಿಲ್ಲ. ನಾನೇ ಒಂದು ಫೋನ್ ಮಾಡಬಹುದಿತ್ತು. ನಂಬರ್ ತೆಗೆಯುತ್ತಿದ್ದೆ, ಏನು ಮಾತಾಡಲಿ, ಆ ಕೈ ಹೇಗಿದೆ ಎಂದು ಯಾವ ಬಾಯಿಂದ ಕೇಳಲಿ ಎಂದು ಇಡುತ್ತಿದ್ದೆ. ಬೈಯುತ್ತಾರೆ ಎನ್ನುವುದಕ್ಕಿಂತ ಬೈಯುವುದಿಲ್ಲ ಎಂಬುದೇ ನನಗೆ ಹೆಚ್ಚು ಹೆದರಿಕೆ. ಮುಟ್ಟಿರುತ್ತಾರೆ ಬಿಡು, ಎಂದುಕೊಂಡೆ. ಮುಂದಿನ ಯುಗಾದಿ ಬಂತು. ನನಗೆ ಪರ್ಮನೆಂಟ್ ಸಿಕ್ಕಿತು, ಮದುವೆಯಾಯಿತು, ಮಗಳು ಹುಟ್ಟಿದಳು.

ಅವರು ಹೋಗಿ ಮೂರು ವರ್ಷವಾದ ಮೇಲೆ ಅವರ ನಂಬರಿನಿಂದ ನನಗೆ ಒಂದು ಮೆಸೇಜ್ ಬಂತು. ಅಣ್ಣನೇ ಎಂದುಕೊಂಡು ತೆರೆದೆ. ನಮ್ಮ ಯಜಮಾನರು ಹೃದಯಾಘಾತದಿಂದ ತೀರಿಕೊಂಡರು ಎಂದು ಅವರ ಹೆಂಡತಿ ಫೋನಿನಲ್ಲಿದ್ದ ಎಲ್ಲರಿಗೂ ಒಟ್ಟಿಗೆ ಕಳಿಸಿದ್ದು. ಆಗ ಫೋನ್ ಮಾಡಿದೆ. ಆಗ ಮಾಡಲು ಬಂತು ನೋಡಿ ನನಗೆ.

ನಾನು ಯಾರೆಂದು ಹೇಳುತ್ತಿದ್ದಂತೆ ಆ ತಾಯಿಗೆ ಗುರುತು ಸಿಕ್ಕಿತು. "ಸ್ವೀಡನ್ನಿನ ತಂಗಿ ಏನ್ರೀ? ನಿಮ್ಮ ಸುದ್ದಿ ಬಾಳ ಹೇಳ್ತಿದ್ರು. ಮುಟ್ಟಿದ್ದು ಆಕಿಗೆ ಯಾಕ ತಿಳಿಸಿಲ್ಲ ಅಂತ ನಾನೇ ಕೇಳಿದ್ದೆ ರೀ. 'ತಿಳಿಸಲಿಲ್ಲಂದ್ರ ಹುಡುಕ್ಕೋತ ಬರ್ತಾಳ, ಅದು ರೂಲ್ ಐತಿ' ಅಂತಿದ್ರು. ನಕ್ಕೋತ ಅಂತಿದ್ರು ರೀ... ಬಾಗಿಲದಾಗ ಯಾರರೆ ಬಂದ್ರ ಒಮ್ಮೊಮ್ಮೆ ಎದ್ದು ನೋಡ್ತಿದ್ರು."



ಸ್ಟೋರ್‌ರೂಮಿನಲ್ಲಿ ಮಗಳು ಡಬ್ಬಿಯೊಳಗೆ ಕೈ ಹಾಕಿ ಆರೂ ಹಣತೆ ಹೊರಗೆ ತೆಗೆದು ನೆಲದ ಮೇಲೆ ಸಾಲಾಗಿಟ್ಟಳು. ಒಂದರ ಬತ್ತಿಯೂ ಕಪ್ಪಾಗಿರಲಿಲ್ಲ. ಒಂದನ್ನು ಹಚ್ಚೋಣವೇ ಎಂದು ಕೇಳಿದಳು. ಬೇಡ ಎಂದೆ, ಸ್ವಲ್ಪ ಜೋರಾಗಿಯೇ ಎಂದೆ, ಅವಳ ಮುಖ ಸಣ್ಣದಾಯಿತು. ನನ್ನ ಆಗಿನ ಹಳೆಯ ಫೋನು ಇನ್ನೂ ಇದೆ. ಅವರ ಹೆಂಡತಿ ಕಳಿಸಿದ ಸುದ್ದಿಯ ಮೇಲ್ಗಡೆ, ಅವರ ಕೈಯಿಂದ ಬಂದ ಕೊನೆಯ ಮಾತಾಗಿ "ಹೊರಟೆ" ಎಂದಿದೆ. ಅರ್ಧ ಗಂಟೆ ಮೀರಿದರೆ ಕೇಳಬಾರದು, ಕಾಯಬಾರದು, ಹುಡುಕಲು ಹೋಗಬೇಕು ಎಂಬುದು ನಿಯಮ. ಎರಡು ಸಲವೂ ಅವರು ಕಾದರು, ಎರಡು ಸಲವೂ ನಾನು ಹೋಗಲಿಲ್ಲ.